ಪ್ರಶಾಂತನಿಗೆ ಬೈಯುವ ಮೊದಲು

ವಿಜಯಕ್ಕ, ನಿಮ್ಮ ಮೆಸೇಜು ಎರಡು ಸಲ ಕೇಳಿದೆ. ಘಾಟಿಯಲ್ಲಿ ಬಸ್ಸು ಮಗುಚಿದಾಗ ಪ್ರಶಾಂತ ಇಳಿದು ಹೋಗಿ ಜನರನ್ನು ಹೊರಗೆ ಎಳೆದ, ಅದಕ್ಕೆ ಇಷ್ಟು ಬೈಗುಳವಾ? ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತದೆ ಅಂದಿರಿ. ಆ ಹೆದರಿಕೆ ನಮ್ಮ ಕಾಲದ್ದು ಅಕ್ಕ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಒಳ್ಳೆ ಮನಸ್ಸಿನಿಂದ ಸಹಾಯಕ್ಕೆ ಹೋದವನ ಕೈಯಲ್ಲಿ ಏನೋ ಹೆಚ್ಚುಕಮ್ಮಿಯಾದರೂ ಅವನ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳು ಅಂತ ಒತ್ತಾಯ ಮಾಡುವಂತೆಯೂ ಇಲ್ಲ.

ನನಗೆ ಚಿಂತೆ ಇರುವುದು ಬೇರೆ. ಅವನು ಒಬ್ಬ ಅಜ್ಜಿಯನ್ನು ಯಾರದೋ ಕಾರಿನಲ್ಲಿ ಕೂರಿಸಿ ಕಳಿಸಿದನಂತೆ, ಅವರ ಮಗ ರಾತ್ರಿಯವರೆಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹುಡುಕಿದರಂತೆ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ವಿಮಾನ ಜಾರಿ ಎರಡು ತುಂಡಾಯಿತಲ್ಲ, ಅಲ್ಲೂ ಹೀಗೇ ಆಯಿತು. ಸುರಿಯುವ ಮಳೆ, ಕೋವಿಡ್ ಬೇರೆ. ವಿಮಾನ ನಿಲ್ದಾಣದ ಹತ್ತಿರದ ಕೊಂಡೋಟಿಯ ಜನ ಅದ್ಯಾವುದನ್ನೂ ನೋಡದೆ ಗಾಯಾಳುಗಳನ್ನು ತಮ್ಮ ತಮ್ಮ ಕಾರುಗಳಲ್ಲೇ ಸಾಗಿಸಿದರು. ವಿಮಾನದಲ್ಲಿದ್ದ 190 ಜನರಲ್ಲಿ ಸತ್ತವರು 21. ಆದರೆ ಮಕ್ಕಳು ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ. ಆಮೇಲೆ ಮಕ್ಕಳ ಫೋಟೋ ವಾಟ್ಸಾಪಿನಲ್ಲಿ ಹಾಕಿ ಹುಡುಕಿದರು. ಉಳಿಸಿದವರಿಗೆ ಸಿಕ್ಕಿದ್ದು ಏನು ಗೊತ್ತಾ? ಕ್ವಾರಂಟೈನ್!

ಇರಿ, ಕುಕ್ಕರ್ ಕೂಗಿತು... ಹಾಂ, ಆಯ್ತು.

ನಮ್ಮ ಮಂಗಳೂರಿನ ಬಜ್ಪೆಯಲ್ಲಿ ಬಿದ್ದ ವಿಮಾನ ನೆನಪಿದೆಯಲ್ಲ, 2010ರ ಮೇ 22. 158 ಜನ ಹೋದರು, ಬದುಕಿದ್ದು 8 ಮಂದಿ. ಕೆಂಜಾರಿನ ಜನ ಆ ಹೊಗೆಯಲ್ಲೇ ಇಳಿಜಾರು ಇಳಿದು ಓಡಿದರು. ಆದರೆ ಸುಮ್ನೆ ನೋಡಲು ಬಂದವರು ಆ ಸಣ್ಣ ರಸ್ತೆಯಲ್ಲಿ ತುಂಬಿಕೊಂಡು, ಆಂಬುಲೆನ್ಸಿಗೆ ದಾರಿ ಸಿಗುವುದೇ ಕಷ್ಟವಾಯಿತು. ಓಡಿ ಬಂದವರಲ್ಲಿ ಕೆಲಸಕ್ಕೆ ಬಂದವರು ಯಾರು, ನೋಡಲು ಬಂದವರು ಯಾರು ಅಂತ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಎಲ್ಲರನ್ನೂ ಒಟ್ಟಿಗೆ ದೂರ ಅಟ್ಟುತ್ತಾರೆ. ಪ್ರಶಾಂತನಿಗೂ ಅದೇ ಜಾಸ್ತಿ ನೋವಾಗಿರಬೇಕು, ಕೊನೆಗೆ ಲಾಠಿ ತೋರಿಸಿ ಓಡಿಸಿದರು ಅಂದನಲ್ಲ.

ಪ್ರಶಾಂತ, ಚಿಕ್ಕಮ್ಮ ಮೂವತ್ತು ವರ್ಷ ಕ್ಯಾಶುವಾಲ್ಟಿಯಲ್ಲಿ ದುಡಿದವಳು, ಸ್ವಲ್ಪ ಕೇಳು. ಮೊದಲು ಒಬ್ಬರ ಕೈಯಲ್ಲಿ 112ಕ್ಕೆ ಫೋನ್ ಮಾಡಿಸು. ಬೆಂಕಿ ಇಲ್ಲ, ಗಾಡಿ ಇನ್ನೂ ಜಾರುತ್ತಿಲ್ಲ ಅಂತಾದರೆ ಗಾಯಾಳುವನ್ನು ಕೈಕಾಲು ಹಿಡಿದು ಎಳೆಯಬೇಡ, ಕುತ್ತಿಗೆಗೆ ಪೆಟ್ಟಾಗಿದ್ದರೆ ಅದು ಹೊರಗೆ ಕಾಣುವುದಿಲ್ಲ. ರಕ್ತ ಹೋಗುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡ, ನಮ್ಮವರಿಗೆ ಅದೊಂದು ಚಟ. ಯಾರನ್ನಾದರೂ ಕಳಿಸಿದರೆ ಆ ಗಾಡಿ ನಂಬರು, ಯಾವ ಆಸ್ಪತ್ರೆ, ಎರಡನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೋ.

ಅಕ್ಕ, ಅವನು ಎರಡು ರಾತ್ರಿ ನಿದ್ದೆ ಮಾಡಿಲ್ಲ ಅಂತ ನೀವೇ ಹೇಳಿದಿರಿ. ಸೈರನ್ ಕೇಳಿದರೆ ಬೆಚ್ಚುತ್ತಾನಂತೆ. ಮೊದಲ ವರ್ಷ ನನಗೂ ಹಾಗಾಗಿತ್ತು. ಆಗ ನಮ್ಮ ಹೆಡ್ ಸಿಸ್ಟರ್ ಪಕ್ಕದಲ್ಲಿ ಕೂತು ಚಹಾ ಕೊಡುತ್ತಿದ್ದರು, ಅವನಿಗೆ ಅಂಥವರು ಯಾರಿದ್ದಾರೆ? ಗ್ರೂಪಿನಲ್ಲಿ ಇನ್ನು ಯಾರೂ ಏನೂ ಕೇಳಬೇಡಿ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಾನೇ ಬರುತ್ತೇನೆ, ನೀರುದೋಸೆಗೆ ಅಕ್ಕಿ ನೆನೆಹಾಕಿಡಿ.