ಚಳಿಗಾಲದಲ್ಲಿ ಕರಿಬೇವಿನ ಎಲೆಯೆಲ್ಲ ಉದುರುತ್ತಿದೆ, ಏನು ಮಾಡಲಿ?

ಹಾಸನದವಳು (ಶಿಕಾಗೊ):
ಮಗಳು ಹುಟ್ಟಿದ ವರ್ಷ ತಂದ ಗಿಡ, ಈಗ ನಾಲ್ಕು ವರ್ಷ. ಬೇಸಿಗೆ ಪೂರ್ತಿ ಬಾಲ್ಕನಿಯಲ್ಲಿ ಚೆನ್ನಾಗಿತ್ತು. ಅಕ್ಟೋಬರ್‌ನಲ್ಲಿ ಒಳಗೆ ತಂದು, ಬೆಚ್ಚಗಿರಲಿ ಅಂತ ಹಾಲ್‌ನಲ್ಲಿ ಹೀಟರ್ ಗಾಳಿ ಬರುವ ಕಡೆಯೇ ಇಟ್ಟೆ. ಈಗ ದಿನಾ ಬೆಳಿಗ್ಗೆ ಕುಂಡದ ಸುತ್ತ ಹಳದಿ ಎಲೆ. ದಿನ ಬಿಟ್ಟು ದಿನ ಒಂದು ಚೊಂಬು ನೀರು ಹಾಕುತ್ತಿದ್ದೇನೆ. ಅಮ್ಮ ಫೋನಿನಲ್ಲಿ ಹುಳಿ ಮಜ್ಜಿಗೆ ಹಾಕು ಅನ್ನುತ್ತಾರೆ. ಹಾಕಲಾ? ಒಗ್ಗರಣೆಗೆ ಸೊಪ್ಪು ಅಂಗಡಿಯಲ್ಲೂ ಸಿಗುತ್ತದೆ, ಆದರೆ ಈ ಗಿಡ ಹೋದರೆ ತುಂಬಾ ಬೇಜಾರಾಗುತ್ತದೆ.

ಟೊರಾಂಟೊ ತೋಟ:
ಮೊದಲು ನೀರು ನಿಲ್ಲಿಸಿ. ಚಳಿಗಿಂತ ಜಾಸ್ತಿ ನೀರಿಗೇ ಕರಿಬೇವು ಸಾಯುವುದು. ಬೆಳಕು ಕಡಿಮೆಯಾದರೆ ಅದು ಬೆಳೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ, ಡಿಸೆಂಬರ್‌ನಲ್ಲಿ ನಿಮ್ಮ ಕಡೆ ಹಗಲು ಇರುವುದೇ 9 ಗಂಟೆ ಚಿಲ್ಲರೆ. ಮಲಗಿದ ಗಿಡ ಹೆಚ್ಚು ನೀರು ಕುಡಿಯುವುದಿಲ್ಲ, ಬೇರು ಕೊಳೆಯುತ್ತದೆ. ಮಣ್ಣಿನೊಳಗೆ ಎರಡು ಇಂಚು ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಹೀಟರ್ ಹತ್ತಿರದಿಂದ ತೆಗೆದು ದಕ್ಷಿಣದ ಕಿಟಕಿಗೆ ಇಡಿ, ಎಲೆ ಗಾಜಿಗೆ ತಾಗಬಾರದು. ಮಜ್ಜಿಗೆ ಊರಿನ ಹಿತ್ತಲಿಗೆ ಸರಿ, ಅಲ್ಲಿ ಬಿಸಿಲಿದೆ, ಮಣ್ಣು ಬೆಚ್ಚಗಿದೆ. ಮುಚ್ಚಿದ ಮನೆಯೊಳಗೆ ವಾಸನೆ ಬಂದು ಸಣ್ಣ ನೊಣ ಆಗುತ್ತವೆ, ಅಷ್ಟೆ. ಗೊಬ್ಬರವೂ ಈಗ ಬೇಡ. ಮುಂದಿನ ವರ್ಷ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಒಳಗೆ ತನ್ನಿ.

ಮಲ್ಲಿಗೆ ಮನೆ:
ಎಲೆಯ ಹಿಂಭಾಗ ನೋಡಿದಿರಾ? ಹೀಟರ್‌ನ ಒಣ ಗಾಳಿಗೆ ಎಲೆಯ ರಸ ಹೀರುವ ಜೇಡ ನುಸಿ ಬೇಗ ಬರುತ್ತದೆ. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿ, ಬಿದ್ದ ಚುಕ್ಕಿ ನಡೆಯಲು ಶುರು ಮಾಡಿದರೆ ಅದೇ. ಗಿಡವನ್ನು ಬಚ್ಚಲಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಎಲೆಯ ಹಿಂಭಾಗವನ್ನೆಲ್ಲ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಸಿಂಪಡಿಸಿ. ಒಂದು ಸಲಕ್ಕೆ ಹೋಗುವುದಿಲ್ಲ, ಮೊಟ್ಟೆ ಉಳಿದಿರುತ್ತವೆ, ವಾರಕ್ಕೊಮ್ಮೆ ಮೂರು ನಾಲ್ಕು ವಾರ ಮಾಡಿ.

ಜಯನಗರ ಟೆರೇಸ್:
ಬೆಂಗಳೂರಲ್ಲೇ ಡಿಸೆಂಬರ್, ಜನವರಿಯಲ್ಲಿ ನಮ್ಮ ಗಿಡದ ಚಿಗುರು ನಿಂತುಹೋಗುತ್ತದೆ, ಇನ್ನು ಅಲ್ಲಿ ಕೇಳಬೇಕೇ. ಕಾಂಡವನ್ನು ಉಗುರಿಂದ ಸ್ವಲ್ಪ ಕೆರೆದು ನೋಡಿ ಅಕ್ಕ. ಒಳಗೆ ಹಸಿರಿದ್ದರೆ ಜೀವ ಇದೆ.

ಹಾಸನದವಳು (ಶಿಕಾಗೊ):
ಈಗಷ್ಟೇ ನೋಡಿದೆ. ತುದಿಯಲ್ಲಿ ಕಂದು, ಒಣಗಿದೆ. ಆದರೆ ಬುಡದಿಂದ ಒಂದು ಗೇಣು ಮೇಲೆ ಕೆರೆದರೆ ಒಳ್ಳೆ ಹಸಿರು! ಬೆರಳಿಟ್ಟರೆ ಒಳಗೆ ಪೂರ್ತಿ ಕೆಸರು, ಕೆಳಗಿನ ತಟ್ಟೆಯಲ್ಲೂ ನೀರು ನಿಂತಿತ್ತು, ಚೆಲ್ಲಿದೆ. ಹಾಳೆಯ ಮೇಲೆ ಮೂರು ಚುಕ್ಕಿ ನಡೆದವು. ಇವತ್ತು ರಾತ್ರಿಯೇ ತೊಳೆಯುತ್ತೇನೆ. ಒಣಗಿದ ತುದಿ ಕತ್ತರಿಸಲಾ?

ಟೊರಾಂಟೊ ತೋಟ:
ಈಗ ಬೇಡ, ಮಾರ್ಚ್ ಕೊನೆಗೆ ಕತ್ತರಿಸಿ. ಅಷ್ಟರಲ್ಲಿ ಇದ್ದ ಎಲೆಯೂ ಉದುರಿ ಬರೀ ಕಡ್ಡಿ ಉಳಿದರೂ ಎಸೆಯಬೇಡಿ. ನನ್ನದು ಒಂದು ವರ್ಷ ಹಾಗೇ ನಿಂತಿತ್ತು, ಏಪ್ರಿಲ್‌ನಲ್ಲಿ ಬುಡದಿಂದ ಚಿಗುರಿತು.