ತಮ್ಮನ ತಲೆ ಬೋಳಿಸಿದ್ದಾರೆ, ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಇಂಡಿ ಕಡೆಯವರು, ಪುಣೆಯ ಹಡಪಸರದಲ್ಲಿದ್ದೇವೆ. ಮೂರು ವಾರಗಳ ಹಿಂದೆ ತಮ್ಮನನ್ನು ಸರ್ಕಾರಿ ಮನೋರೋಗ ಆಸ್ಪತ್ರೆಯೊಂದಕ್ಕೆ (ಹೆಸರು ಬೇಡ) ಸೇರಿಸಿದೆವು. ಭೇಟಿಗೆ ಹೋದರೆ ತಲೆ ಬೋಳಿಸಿದ್ದಾರೆ, ತುಂಬ ಸೊರಗಿದ್ದಾನೆ. ಅವನಿಗೆ ಮರಾಠಿ ಬಾರದು. ಕೇಸ್ ಪೇಪರಿನಲ್ಲಿ ‘ಮಾತನಾಡುವುದಿಲ್ಲ’ ಎಂದು ಬರೆದಿದ್ದಾರೆ! ದೂರು ಕೊಟ್ಟರೆ ಅವನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ. ಇಂಥ ಆಸ್ಪತ್ರೆಗಳು ಸುಧಾರಿಸುವುದೇ ಇಲ್ಲವೇ, ಮೇಡಂ?

ಉತ್ತರ (ನಿವೃತ್ತ ಮನೋವೈದ್ಯಕೀಯ ನರ್ಸ್): ಭಯ ಸಹಜ. ಆದರೆ ವಾರ ವಾರ ಬಂದು ವಿಚಾರಿಸುವ ಮನೆಯವರಿದ್ದರೆ ಆ ರೋಗಿಯ ತಂಟೆಗೆ ಯಾರೂ ಸುಲಭವಾಗಿ ಹೋಗುವುದಿಲ್ಲ. ಕಷ್ಟವೆಲ್ಲ ಕೇಳುವವರಿಲ್ಲದವರಿಗೆ.

ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಕೇಳಿದರೆ ಹೇನಾಗಿತ್ತು ಎನ್ನುತ್ತಾರೆ ಆಸ್ಪತ್ರೆಯವರು. ಹೇನಿಗೆ ಔಷಧವಿದೆ. ಎಲ್ಲರನ್ನೂ ಸಾಲಾಗಿ ಕೂರಿಸಿ ಮಷೀನ್ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜವಾದ ಕಾರಣ ಅದು.

ಸೊರಗಿರುವುದು ನನಗೆ ಹೆಚ್ಚು ಚಿಂತೆಯ ವಿಷಯ. ಒಲಾಂಜಪಿನ್‌ನಂಥ ಮನೋರೋಗದ ಮಾತ್ರೆ ಕೊಡುತ್ತಿದ್ದರೆ ಸಾಮಾನ್ಯವಾಗಿ ತೂಕ ಏರಬೇಕು. ಸೇರಿಸಿದ ದಿನದ ತೂಕ, ಇಂದಿನ ತೂಕ ಎರಡನ್ನೂ ಕೇಳಿ. ಇಳಿದಿದ್ದರೆ ಊಟ ಸಿಗುತ್ತಿದೆಯೇ, ಕ್ಷಯ, ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನೇ ವಿಚಾರಿಸಿ.

ಕಾಯಿಲೆ, ಔಷಧ, ಅಡ್ಡಪರಿಣಾಮಗಳ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಅದು 22ನೇ ಕಲಮು. ಕನ್ನಡ ಬಲ್ಲ ಸಿಬ್ಬಂದಿ ಸಿಗುವವರೆಗೆ ಒಂದು ರಟ್ಟಿನ ಮೇಲೆ ‘ಊಟ ಆಯಿತೇ?’, ‘ನಿದ್ದೆ ಬಂತೇ?’, ‘ಕಿವಿಯಲ್ಲಿ ಯಾರಾದರೂ ಮಾತನಾಡುತ್ತಾರೆಯೇ?’ ಎಂಬ ಕನ್ನಡ ಪ್ರಶ್ನೆಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು, ಮರಾಠಿ ಅರ್ಥ ಸೇರಿಸಿ ವಾರ್ಡಿನ ಸಿಸ್ಟರ್ ಕೈಗೆ ಕೊಡಿ. ಬೇಡವೆನ್ನುವ ಸಿಸ್ಟರನ್ನು ನಾನು ಕಂಡಿಲ್ಲ.

ಇನ್ನು ಸುಧಾರಣೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ಜೊತೆಗೂಡಿ 1999ರಲ್ಲಿ ಹೊರತಂದ ವರದಿಯಲ್ಲೇ ಎಷ್ಟೋ ಆಸ್ಪತ್ರೆಗಳು ಸೆರೆಮನೆಯಂತಿವೆ ಎಂದಿತ್ತು. ಆಮೇಲೆ ಗೋಡೆಗೆ ಬಣ್ಣ ಬಂತು, ಉದ್ಘಾಟನೆಯ ಫಲಕ ಬಂತು. ನಿಜಕ್ಕೂ ಸುಧಾರಿಸಿದೆಯೇ ಎಂದು ತಿಳಿಯಲು ನಾನಾದರೆ ಮೊದಲು ರೋಗಿಗಳನ್ನು ಕಟ್ಟಿಹಾಕಿದ್ದನ್ನು ಬರೆದಿಡುವ ರಿಜಿಸ್ಟರ್ ತೆರೆಸುತ್ತೇನೆ. ರೋಗಿಯನ್ನು ಕಟ್ಟಿಹಾಕಿದರೆ ಮನೋವೈದ್ಯರ ಅನುಮತಿ, ಕಾರಣ, ಎಷ್ಟು ಹೊತ್ತು ಎಲ್ಲವೂ ದಾಖಲಾಗಬೇಕು. 24 ಗಂಟೆಯೊಳಗೆ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ಕಾಯ್ದೆಯಂತೆ ರೋಗಿಯ ಪರ ನಿಲ್ಲಲು ಹೆಸರಿಸಿದವರಿಗೆ, ತಿಳಿಸಬೇಕು. ಆ ಪುಟಗಳು ಖಾಲಿ ಇದ್ದರೆ ಸಂತೋಷಪಡಬೇಡಿ, ಅನುಮಾನಪಡಿ.

ಪ್ರಶ್ನೆ: ಹಾಗಾದರೆ ದೂರು ಯಾರಿಗೆ? ಧಾರವಾಡಕ್ಕೆ ಕರೆದೊಯ್ಯಬಹುದೇ?

ಉತ್ತರ: ಮೊದಲು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿ, ಅದರ ಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ. ರೋಗಿ ಅಥವಾ ಪ್ರತಿನಿಧಿ ದೂರಬಹುದು, ಆದ್ದರಿಂದ ಪ್ರತಿನಿಧಿಯಾಗಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಯಾವ ಕಲಮಿನಡಿ ಸೇರಿಸಿಕೊಂಡಿದ್ದಾರೆ ಎಂಬುದನ್ನೂ ಕೇಳಿ. 89ನೆಯದಾದರೆ (ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಳ್ಳುವುದು) ಅದರ ಮಿತಿ 30 ದಿನ, ನಿಮಗೆ ಉಳಿದಿರುವುದು ಸುಮಾರು ಒಂದು ವಾರ. ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ಒಳ್ಳೆಯ ಯೋಚನೆ, ಭಾಷೆಯ ತೊಡಕಿರುವುದಿಲ್ಲ. ಹೊರಡುವ ಮುನ್ನ ಔಷಧದ ಪ್ರಮಾಣವಿರುವ ಬಿಡುಗಡೆ ಪತ್ರವನ್ನೂ ದಾರಿಗೆ ಸಾಲುವಷ್ಟು ಮಾತ್ರೆಯನ್ನೂ ಪಡೆದುಕೊಳ್ಳಿ. ನಡುವೆ ತುರ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡುತ್ತಾರೆ.