ಪದಚರ್ಚೆ: ಪಿಯಾನೋದ ‘ಕ್ಲಸ್ಟರ್’ಗೆ ಏನನ್ನೋಣ? ಶುಕ್ರವಾರ ಅಚ್ಚಿಗೆ ಕೊಡಬೇಕು

ಕಲಬುರಗಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಶುಕ್ರವಾರ ಸಂಜೆಯೊಳಗೆ ಸಿಕ್ಕರೆ ಉಪಕಾರ.

ನಾವು ಕೆಲವರು ಭಾನುವಾರ ಒಂದು ಕಡೆ ಸೇರಿ ಪಿಯಾನೋ ಕಲಿಯುತ್ತೇವೆ. ಬ್ಯಾಂಕಿನವರು, ಶಾಲಾ ಮಾಸ್ತರು, ಔಷಧಿ ಅಂಗಡಿಯವರು, ನರ್ಸಿಂಗ್ ಓದುವ ಹುಡುಗಿ. ಎಲ್ಲರೂ ಹವ್ಯಾಸಿಗಳು. ಒಂದು ಹಳೆ ಪಿಯಾನೋ ಇದೆ, ಎರಡು ಕೀಬೋರ್ಡ್ ಇವೆ. ಈ ಸಲ ಹೊಸ ಕಾಲದ ತುಣುಕುಗಳನ್ನು ಹಿಡಿದಿದ್ದೇವೆ. ಹಾಳೆ ನೋಡಿದರೆ ಎದೆ ಧಸಕ್ಕನ್ನುತ್ತದೆ. ತಾಳದ ಗೆರೆ ಇಲ್ಲ, ಲಯದ ಗುರುತಿಲ್ಲ, ಸ್ವರ ಇರಬೇಕಾದ ಕಡೆ ದಪ್ಪ ಕಪ್ಪು ಗುರುತು. ಆದರೆ ಕೂತು ನುಡಿಸಿದರೆ ಎಷ್ಟೋ ತುಣುಕು ಸಿನಿಮಾ ಹಾಡಿಗಿಂತ ಸುಲಭ.

ಹಂಗೇರಿಯ ಸಂಗೀತ ರಚನಕಾರ ಕುರ್ತಾಗ್ 1973ರಲ್ಲಿ ಬರೆಯಲು ಶುರು ಮಾಡಿದ ‘ಯಾಟೇಕೊಕ್’ ಮಾಲೆ ಹಾಗೆಯೇ ಇದೆ. ಹೆಸರಿನ ಅರ್ಥ ‘ಆಟಗಳು’. ಪಿಯಾನೋ ಇನ್ನೂ ಆಟದ ಸಾಮಾನಾಗಿರುವ ಮಗುವನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಅದರಲ್ಲಿ ನಾಲ್ಕು ಕೈಯ ತುಣುಕುಗಳೂ ಇವೆ. ಕುರ್ತಾಗ್ ಮತ್ತು ಅವರ ಹೆಂಡತಿ ಮಾರ್ತಾ ಒಂದೇ ಪಿಯಾನೋ ಮುಂದೆ ಕೂತು ನುಡಿಸುತ್ತಿದ್ದರು. ನಮ್ಮಂಥ ಗುಂಪಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕಷ್ಟದ ಕಡೆ ಒಬ್ಬರು ಎಡಗೈ ನುಡಿಸುತ್ತಾರೆ, ಇನ್ನೊಬ್ಬರು ಬಲಗೈ, ಮೂರನೆಯವರು ಮಾತ್ರೆ ಎಣಿಸುತ್ತಾರೆ.

ಬೇಕಾದ ಪದ ಇದು. ಪಿಯಾನೋದ ಪಕ್ಕಪಕ್ಕದ ಮನೆಗಳನ್ನೆಲ್ಲ, ಅಂದರೆ ಕೀಗಳನ್ನೆಲ್ಲ, ಅಂಗೈಯಿಂದಲೋ ಮೊಳಕೈಯಿಂದಲೋ ಒಟ್ಟಿಗೆ ಒತ್ತಿ ಸದ್ದು ತೆಗೆಯುವುದು. ಅಮೆರಿಕದ ಹೆನ್ರಿ ಕೌವೆಲ್ ಇದನ್ನು ‘ಟೋನ್ ಕ್ಲಸ್ಟರ್’ ಎಂದು ಕರೆದ. ಕರಪತ್ರಕ್ಕೂ ಬೇಕು, ಪಿಯಾನೋ ಮೇಲೆ ಅಂಟಿಸುವ ಸೂಚನೆ ಹಾಳೆಗೂ ಬೇಕು. ಚಿಕ್ಕದಿರಬೇಕು, ಕಪ್ಪು ಗುರುತಿನ ಮೇಲೆ ಬರೆಯುವಂತಿರಬೇಕು. ‘ಕ್ಲಸ್ಟರ್’ ಅಂತಲೇ ಬಿಡೋಣ ಎಂದುಕೊಂಡಿದ್ದೆ. ನಮ್ಮ ಮಾಸ್ತರು ನಕ್ಕುಬಿಟ್ಟರು. ಅವರಿಗೆ ಕ್ಲಸ್ಟರ್ ಅಂದರೆ ಶಾಲೆಗಳ ಗುಂಪು, ಅದರ ಸಿಆರ್‌ಪಿ ಬಂದು ದಾಖಲೆ ಕೇಳುವುದು!

ಇನ್ನೊಂದು. ಮಾಲೆಯ ಹೆಸರನ್ನು ‘ಆಟಗಳು’ ಎಂದೇ ಹಾಕಲೇ?

ಬೀದರ್‌ನಿಂದ:

ಸ್ವರಗುಚ್ಛ. ಇದಕ್ಕೆ ಇಷ್ಟುದ್ದ ಪತ್ರ ಬೇಕಿರಲಿಲ್ಲ.

ಯಾದಗಿರಿಯಿಂದ:

ಗುಚ್ಛ ಹೂವಿಗೆ. ಸನ್ಮಾನದ ವೇದಿಕೆ ಮೇಲೆ ಕೊಡುವುದು, ಕಾರಿನಲ್ಲಿ ಮರೆತು ಹೋಗುವುದು. ಮುಂಗೈ ಇಟ್ಟು ಪಿಯಾನೋ ಗದರಿಸುವುದಕ್ಕೆ ಗುಚ್ಛ ಅಂದರೆ ಯಾರು ನಂಬುತ್ತಾರೆ ಸರ್?

ಗೊಂಚಲೂ ಬೇಡ. ದ್ರಾಕ್ಷಿ ಗೊಂಚಲಲ್ಲಿ ನಡುವೆ ಸಂದು ಇರುತ್ತದೆ. ಸ, ಗ, ಪ ಒಟ್ಟಿಗೆ ನುಡಿಸಿದರೆ ಬೇಕಾದರೆ ಗೊಂಚಲು ಅನ್ನಿ. ನಡುವೆ ಮನೆ ಬಿಟ್ಟು ಹಿಡಿದದ್ದು ಅದು. ಇವರು ಕೇಳುತ್ತಿರುವುದು ಒಂದೂ ಮನೆ ಬಿಡದೆ ಹಿಡಿಯುವುದು. ಅದಕ್ಕೆ ನಮ್ಮ ಹೊಲದಲ್ಲಿ ಪದ ಇದೆ, ಸಿವುಡು. ಜೋಳ ಕೊಯ್ದು ಕಟ್ಟಿದ ಸಿವುಡಿನಲ್ಲಿ ದಂಟಿಗೆ ದಂಟು ತಾಗಿರುತ್ತದೆ. ‘ಸ್ವರಸಿವುಡು’ ಮಾಡಿ.

ಮತ್ತೆ, ‘ಮೊಳಕೈ’ ಬರೆಯಬೇಡಿ. ಹುಡುಗರು ಮೊಳಕೈ ಮೂಲೆಯಿಂದ ಗುದ್ದುತ್ತಾರೆ. ಪಿಯಾನೋ ಹಳೆಯದು ಅಂತ ನೀವೇ ಹೇಳಿದಿರಿ. ಮಣಿಕಟ್ಟಿನಿಂದ ಮೊಳಕೈವರೆಗಿನದ್ದಕ್ಕೆ ಮುಂಗೈ ಎನ್ನಿ.

ಬೀದರ್‌ನಿಂದ:

ಸ್ವರಸಿವುಡು ಅರಿಸಮಾಸ. ಮುಂದಿನದ್ದು ಹೇಳಿ.

ಇದನ್ನು ನಾನು ಹೇಳುತ್ತಿಲ್ಲ. ನಿಮ್ಮ ಪಕ್ಕದ ಸೇಡಂ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ಆಸ್ಥಾನವಿದ್ದಾಗಲೇ ಕವಿರಾಜಮಾರ್ಗ ಹೇಳಿದೆ. ಸಂಸ್ಕೃತ ಕನ್ನಡ ಎರಡನ್ನೂ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ. ಹಾಲು ಕೆಡಿಸುವ ಹಕ್ಕು ಕರಪತ್ರದವರಿಗೆ ಇಲ್ಲ.

ಸೇಡಂನಿಂದ:

ಮಳಖೇಡದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಸುಮ್ನೆ ಓದಿಕೊಂಡಿರುತ್ತಿದ್ದೆ.

ಪದ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಒಟ್ಟಿಗೆ ಒತ್ತಿ’ ಎಂದು ಬರೆದಿದ್ದೀರಿ. ಒತ್ತು. ಈ ಒಂದು ಪದದಲ್ಲಿ ಎಷ್ಟಿದೆ ನೋಡಿ. ಕೈಯಿಂದ ಅದುಮುವುದು ಒತ್ತು. ಪೈರು ದಟ್ಟವಾಗಿದ್ದರೆ ಒತ್ತಾಗಿದೆ ಅನ್ನುತ್ತೇವೆ. ಊರ ಒತ್ತಿನಲ್ಲಿ ಅಂದರೆ ಊರಿಗೆ ತಾಗಿಕೊಂಡು. ಅದುಮುವುದು, ದಟ್ಟ, ಪಕ್ಕದ್ದು. ಕ್ಲಸ್ಟರ್ ಅಂದರೆ ಈ ಮೂರೂ ಅಲ್ವಾ? ಇನ್ನು ಬರವಣಿಗೆಗೆ ಬನ್ನಿ. ಒಂದು ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಸೇರಿದರೆ ಅದನ್ನೂ ಒತ್ತು ಅನ್ನುತ್ತೇವೆ. ಎರಡು ವ್ಯಂಜನಗಳ ನಡುವೆ ಸ್ವರ ನುಸುಳಲು ಜಾಗ ಇಲ್ಲ ಎಂಬುದೇ ಅದರ ಅರ್ಥ. ಪಿಯಾನೋದಲ್ಲೂ ಹಾಗೆ. ಎರಡು ಮನೆಗಳ ನಡುವೆ ಮನೆ ಉಳಿದಿಲ್ಲ. ತೆಲುಗಿನಲ್ಲೂ ಒತ್ತು ಎಂದರೆ ಅದುಮು, ದಟ್ಟ, ಒತ್ತಕ್ಷರ. ಅಂದರೆ ಈ ಅರ್ಥಗಳು ಒಟ್ಟಿಗೆ ಬೆಳೆದದ್ದು ಇವತ್ತಿನ ಮಾತಲ್ಲ. ಒತ್ತಾಯ, ಒತ್ತಡ, ಒತ್ತುವರಿ ಎಲ್ಲ ಇದೇ ಮನೆಯ ಮಕ್ಕಳು.

‘ಒತ್ತುಸ್ವರ’ ಎಂದು ಹಾಕಿ. ಅರಿಸಮಾಸ ಎಂದು ಬೀದರ್‌ನವರು ಕೂಗುವ ಮೊದಲೇ ಹೇಳುತ್ತೇನೆ. ಒತ್ತುವ ಸ್ವರ ಒತ್ತುಸ್ವರ, ಗಮಕ ಸಮಾಸ. ಅದರಲ್ಲಿ ಸಂಸ್ಕೃತ ಕನ್ನಡ ಬೆರೆತರೂ ದೋಷವಿಲ್ಲ.

ಬೀದರ್‌ನಿಂದ:

ಸ್ವರ ಒತ್ತುವುದಿಲ್ಲ, ಬೆರಳು ಒತ್ತುತ್ತದೆ. ಗಮಕ ಹೇಗಾಯಿತು?

ಸೇಡಂನಿಂದ:

ಕಾಡು ಸುಡುತ್ತದೆಯೇ? ಸುಡುಗಾಡು ಗಮಕ ತಾನೇ?

ಯಾದಗಿರಿಯಿಂದ:

ಅಷ್ಟು ಭಯ ಇದ್ದರೆ ಸ್ವರದ ತದ್ಭವ ‘ಸರ’ ಇದೆ, ‘ಒತ್ತುಸರ’ ಮಾಡಿ, ಗಲಾಟೆಯೇ ಇಲ್ಲ. ಆದರೆ ನಮ್ಮ ಕಡೆ ಮಾಸ್ತರನ್ನು ಕರೆಯುವುದೂ ಸರ ಅಂತಲೇ. ಹಾಳೆ ಮೇಲೆ ‘ಒತ್ತು ಸರ’ ಓದಿ ಪೋರರೆಲ್ಲ ಮಾಸ್ತರ ಮುಖ ನೋಡುತ್ತಾರೆ.

ಕಲಬುರಗಿಯಿಂದ, ಪೇಟಿ ನುಡಿಸುವವರು:

ವ್ಯಾಕರಣದವರು ಒಂದು ಗಳಿಗೆ ಸುಮ್ಮನಿದ್ದರೆ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದ ಕೈಯವರ ಮಾತು ಹೇಳುತ್ತೇನೆ. ‘ಒತ್ತು’ ಪದಕ್ಕೆ ಮೂರು ತೊಂದರೆ ಇವೆ.

ನಾದಸ್ವರದ ಜೊತೆ ಶ್ರುತಿ ಹಿಡಿಯುವ ಕೊಳವೆಯ ಹೆಸರೇ ಒತ್ತು. ಇದು ಸಣ್ಣ ತೊಂದರೆ, ನಮ್ಮ ಕಡೆ ಅದು ಕಮ್ಮಿ. ಎರಡನೆಯದು, ಒಂದು ಸ್ವರವನ್ನು ಜೋರಾಗಿ ಎತ್ತಿ ಹೇಳುವುದಕ್ಕೂ ಒತ್ತು ಕೊಡುವುದು ಅನ್ನುತ್ತೇವೆ. ಅದಕ್ಕೆ ಸ್ವರಲಿಪಿಯಲ್ಲಿ ಬೇರೆ ಗುರುತೇ ಇದೆ. ಮೂರನೆಯದು ದೊಡ್ಡದು. ಹೊಸ ಪಿಯಾನೋ ತುಣುಕುಗಳಲ್ಲಿ ಸದ್ದು ಬಾರದ ಹಾಗೆ ಮನೆಗಳನ್ನು ಮೆಲ್ಲಗೆ ಒತ್ತಿ ಹಿಡಿಯುವುದೂ ಇದೆ. ಒತ್ತಿ ಹಿಡಿದ ಮನೆಗಳ ತಂತಿ ಬಿಡುವಾಗಿರುತ್ತದೆ, ಬೇರೆ ಮನೆ ನುಡಿಸಿದರೆ ಅವು ತಾವೇ ಮಿಡಿಯುತ್ತವೆ. ಆಸ್ಟ್ರಿಯಾದ ಸಂಗೀತ ರಚನಕಾರ ಶೋನ್‌ಬರ್ಗ್ 1909ರಲ್ಲಿ ಬರೆದ ಮೂರು ಪಿಯಾನೋ ತುಣುಕುಗಳ ಮೊದಲನೆಯದರಲ್ಲೇ ಇದು ಬರುತ್ತದೆ. ಹಾಗಾದರೆ ಒತ್ತು ಅಂದರೆ ಸದ್ದಿನದ್ದೋ, ಸದ್ದಿಲ್ಲದ್ದೋ? ನಿಮ್ಮ ಹಾಳೆ ಓದುವವರಿಗೆ ಹೇಗೆ ಗೊತ್ತಾಗಬೇಕು?

ಇಷ್ಟಾದರೂ ನನಗೆ ಸಿವುಡಿಗಿಂತ ಒತ್ತೇ ಇಷ್ಟ. ಯಾಕೆಂದರೆ ಅದಕ್ಕೆ ಮುಂದೆ ಏನನ್ನಾದರೂ ಸೇರಿಸಬಹುದು. ಕರಿ ಒತ್ತು, ಬಿಳಿ ಒತ್ತು. ಈ ಫರಕು ಬೇಕೇ ಬೇಕು. ಕೌವೆಲ್ ತನ್ನ ಸ್ವರಲಿಪಿಯಲ್ಲಿ ಎರಡಕ್ಕೂ ಬೇರೆ ಗುರುತು ಇಟ್ಟಿದ್ದಾನೆ. ಮುಂಗೈಯನ್ನು ಬಿಳಿ ಮನೆಗಳ ಮೇಲೆ ಇಳಿಸಿದರೆ ಸ್ವರಗಳು ಒಂದಕ್ಕೊಂದು ಕಚ್ಚಾಡುತ್ತವೆ. ಕರಿ ಮನೆಗಳ ಮೇಲಷ್ಟೇ ಇಳಿಸಿದರೆ ಬರುವುದು ಐದೇ ಸ್ವರ, ಅವು ಭೂಪ್ ರಾಗದ ಐದು. ಷಡ್ಜ ಬದಲಿಸಿದರೆ ಅವೇ ಐದು ದುರ್ಗಾ ರಾಗ ಆಗುತ್ತವೆ. ಅಂದರೆ ಕ್ಲಸ್ಟರ್ ಅಂದಕೂಡಲೇ ಕರ್ಕಶ ಅಂದುಕೊಳ್ಳಬೇಕಿಲ್ಲ. ನಿಮ್ಮ ಗುಂಪಿನಲ್ಲಿ ಹೆದರುವವರಿಗೆ ಮೊದಲು ಕರಿ ಮನೆ ತೋರಿಸಿ.

ಸುರಪುರದಿಂದ:

ಪೇಟಿಯವರ ಮಾತು ಖರೆ. ಸಣ್ಣವನಿದ್ದಾಗ ನಮ್ಮೂರ ನಾಟಕಗಳಲ್ಲಿ ಖಳನಾಯಕ ಒಳಗೆ ಬಂದಾಗ ಪೇಟಿ ಮಾಸ್ತರು ಕಾಲಪೇಟಿ ಮೇಲೆ ಅಂಗೈ ಇಡುತ್ತಿದ್ದರು. ಮಕ್ಕಳು ಅಳುತ್ತಿದ್ದೆವು. ಅದಕ್ಕೆ ಹೆಸರಿರಲಿಲ್ಲ. ‘ಅಂಗೈ ಇಡ್ರಿ ಮಾಸ್ತರ’ ಅಂತಿದ್ದರು, ಅಷ್ಟೇ. ನೀವು ಅಷ್ಟನ್ನೇ ಬರೆಯಿರಿ. ಪದ ಯಾಕೆ?

ಮತ್ತೆ ‘ಆಟ’ ಅಂತ ಕರಪತ್ರದಲ್ಲಿ ಹಾಕಿದರೆ ನಮ್ಮಂಥವರು ದೊಡ್ಡಾಟ ಅಂದುಕೊಂಡು ರಾತ್ರಿ ಊಟ ಮುಗಿಸಿ ಚಾಪೆ ಹಿಡಿದು ಬರುತ್ತೇವೆ.

ಬೀದರ್‌ನಿಂದ:

ಪದ ಯಾಕೆ ಎಂಬುದು ಪದಚರ್ಚೆಯಲ್ಲಿ ಕೇಳುವ ಪ್ರಶ್ನೆಯಲ್ಲ. ಇನ್ನು ‘ಪೇಟಿ’ ಎಂಬುದೇ ಮರಾಠಿಯಿಂದ ಬಂದದ್ದು, ‘ಫರಕು’ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಹೀಗೆ ಕಂಡಕಂಡಲ್ಲಿ ತಂದುಕೊಂಡರೆ ಉಳಿಯುವುದೇನು? ನಾಳೆ ಇನ್ನೊಬ್ಬರು ‘ಕ್ಲಸ್ಟರೇ ಇರಲಿ, ಏನಾಯ್ತು’ ಎನ್ನುತ್ತಾರೆ.

ಕಲಬುರಗಿಯಿಂದ, ಪೇಟಿ ನುಡಿಸುವವರು:

ಪೇಟಿ ಪದ ಮರಾಠಿಯಿಂದ ಬಂತು, ಪೇಟಿ ತಾನೇ ಯುರೋಪಿನಿಂದ ಬಂತು. ಶುದ್ಧ ಅಂತ ಹಠ ಹಿಡಿದ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಬಾಗಿಲು ತುಸು ತೆರೆದದ್ದು 1971ರಲ್ಲಿ. ಅಷ್ಟು ವರ್ಷದಲ್ಲಿ ನಮ್ಮ ಭಜನೆಯವರು, ನಾಟಕದವರು ಪೇಟಿ ಬಿಟ್ಟರಾ? ರೇಡಿಯೋದವರೇ ಬದಲಾದರು.

ಅಂದಹಾಗೆ ನೀವು ಸಂಗೀತ ಕಚೇರಿಗೆ ಹೋಗುತ್ತೀರಲ್ಲ ಸರ್? ಕಚೇರಿ ಎಂಬುದು ಹಿಂದೂಸ್ತಾನಿಯಿಂದ ಬಂದದ್ದು. ಅಲ್ಲಿ ಅಮಲ್ದಾರರು ಕೂರುತ್ತಿದ್ದರು. ಈಗ ಅಲ್ಲಿ ತ್ಯಾಗರಾಜರ ಕೀರ್ತನೆ ಹಾಡುತ್ತಾರೆ. ಯಾರಿಗೂ ಬಾಯಿ ಸುಡಲಿಲ್ಲ.

ಸೇಡಂನಿಂದ:

ಬಂದ ಪದ ಬರಲಿ, ನಾನು ಬೇಡ ಅನ್ನುವುದಿಲ್ಲ. ‘ಪಿಯಾನೋ’ಗೆ ಕನ್ನಡ ಪದ ಕಟ್ಟಿ ಎಂದು ಯಾರೂ ಕೇಳಿಲ್ಲ, ಕೇಳಲೂ ಬಾರದು. ಸಾಮಾನಿನ ಜೊತೆ ಹೆಸರು ಬರುತ್ತದೆ. ಆದರೆ ಕೈ ಮಾಡುವ ಕೆಲಸ ಹೊರಗಿನಿಂದ ಬಂದದ್ದಲ್ಲ. ಅದುಮುವುದು, ಇಡುವುದು, ಗುದ್ದುವುದು, ಎಳೆಯುವುದು ನಮಗೆ ಮೊದಲಿನಿಂದ ಬರುತ್ತದೆ. ಸಾಮಾನಿಗೆ ಎರವಲು ಸರಿ, ಕೈಕೆಲಸಕ್ಕೆ ಎರವಲು ಸೋಮಾರಿತನ. ಪೇಟಿಯವರೇ ನೋಡಿ, ‘ಕೀ’ ಅನ್ನಲಿಲ್ಲ, ‘ಮನೆ’ ಅಂದರು.

ಯಾದಗಿರಿಯಿಂದ:

ಇದೊಂದು ಮಾತಿಗೆ ಸಿವುಡು ಬಿಟ್ಟುಕೊಡುತ್ತೇನೆ. ಮುಂದಿನ ಸಲ ಕಟ್ಟುವ ಕೆಲಸ ಬಂದರೆ ತೆಗೆದುಕೊಳ್ಳಿ.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಇವತ್ತು ಗುರುವಾರ. ಡಿಟಿಪಿಯವನು ಬೆಳಗ್ಗೆಯಿಂದ ಫೋನ್ ಮಾಡುತ್ತಿದ್ದಾನೆ. ನಾನು ಹೀಗೆ ಮಾಡಿದ್ದೇನೆ.

ಸೂಚನೆ ಹಾಳೆಯಲ್ಲಿ ‘ಅಂಗೈ ಒತ್ತು’, ‘ಮುಷ್ಟಿ ಒತ್ತು’, ‘ಮುಂಗೈ ಒತ್ತು’. ಬೇಕಾದ ಕಡೆ ಮುಂದೆ ‘ಕರಿ’ ಅಥವಾ ‘ಬಿಳಿ’. ಸದ್ದು ಬಾರದಂತೆ ಹಿಡಿಯುವುದಕ್ಕೆ ‘ಮೂಕ ಒತ್ತು’. ಪೇಟಿಯವರ ಮೂರನೇ ತೊಂದರೆ ಇದರಿಂದ ತೀರಿತು ಅಂದುಕೊಂಡಿದ್ದೇನೆ. ಜೋರಾಗಿ ನುಡಿಸುವ ಗುರುತಿಗೆ ‘ಒತ್ತು’ ಬಳಸುವುದಿಲ್ಲ, ‘ಬಿರುಸು’ ಎಂದು ಬರೆಯುತ್ತೇನೆ. ಪೆಡಲ್‌ಗೆ ‘ಒತ್ತಿ’ ಎಂದು ಬರೆದರೆ ಮತ್ತೆ ಗೊಂದಲ. ಅಲ್ಲಿ ‘ಪೆಡಲ್ ಮೆಟ್ಟಿ’, ‘ಪೆಡಲ್ ಬಿಡಿ’. ಹೊಲಿಗೆ ಮಷೀನಿಗೆ ನಮ್ಮ ಮನೆಯಲ್ಲಿ ಹಾಗೇ ಅನ್ನುತ್ತಾರೆ.

ನಿನ್ನೆ ಕೈಬರಹದ ಹಾಳೆಯೊಂದನ್ನು ಅಂಟಿಸಿ ಪರೀಕ್ಷೆ ಮಾಡಿದೆವು. ನರ್ಸಿಂಗ್ ಹುಡುಗಿ ವಿವರಣೆ ಕೇಳದೆಯೇ ನುಡಿಸಿದಳು. ಔಷಧಿ ಅಂಗಡಿಯವರು ಮಾತ್ರ ‘ಮೂಕ ಒತ್ತು’ ಓದಿ ಕೀಬೋರ್ಡ್‌ನ ವಾಲ್ಯೂಮ್ ಕಡಿಮೆ ಮಾಡಿದರು. ಅದಕ್ಕೆ ಕೆಳಗೆ ಸಣ್ಣಗೆ ‘ಮೆಲ್ಲಗೆ ಇಳಿಸಿ, ಸದ್ದು ಬರಬಾರದು’ ಎಂದು ಸೇರಿಸಿದ್ದೇನೆ. ಹೇಗೂ ಅದು ನಮ್ಮ ಕೀಬೋರ್ಡ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಮಿಡಿಯಲು ತಂತಿ ಎಲ್ಲಿದೆ? ಮುಂಗೈ ಒತ್ತಿನಲ್ಲೂ ಅಗ್ಗದ ಕೀಬೋರ್ಡ್ ಕೈಕೊಡುತ್ತದೆ. ಅದಕ್ಕೆ ಒಮ್ಮೆಗೆ ಇಷ್ಟೇ ಸ್ವರ ಎಂಬ ಮಿತಿ ಇದೆ. ಪೆಡಲ್ ಮೆಟ್ಟಿಕೊಂಡು ಎರಡು ಸಲ ಒತ್ತಿದರೆ ಮೊದಲಿನ ಸ್ವರಗಳನ್ನು ನುಂಗಿಬಿಡುತ್ತದೆ. ಆ ತುಣುಕುಗಳನ್ನು ಹಳೆ ಪಿಯಾನೋಗೇ ಇಟ್ಟಿದ್ದೇವೆ.

ಮಾಲೆಯ ಹೆಸರು ‘ಯಾಟೇಕೊಕ್’ ಎಂದೇ ಇರುತ್ತದೆ. ಕೆಳಗೆ ‘ಪಿಯಾನೋ ಆಟಗಳು’. ಚಾಪೆ ತರಬೇಡಿ, ಕುರ್ಚಿ ಇದೆ.

ಬೀದರ್‌ನಿಂದ:

‘ಅಂಗೈ ಒತ್ತು’ ಬಿಡಿಸಿ ಬರೆದ ಎರಡು ಪದ, ಸಮಾಸವಲ್ಲ. ಆದ್ದರಿಂದ ನನ್ನ ತಕರಾರಿಲ್ಲ. ಸರಿಯಾದ ಪದ ಸ್ವರಗುಚ್ಛ ಎಂಬುದು ಮಾತ್ರ ಬದಲಾಗಿಲ್ಲ.

ಯಾದಗಿರಿಯಿಂದ:

ತಕರಾರು ಅರಬ್ಬಿ ಪದ ಸರ್.